ನಿನ್ನ ಹೆಸರು ಹೇಳಿದ ದನಿ

ಮಾಳಪ್ಪ ಕಾಕಾ,

ನೀನು ಸತ್ತ ಕಥೆಯನ್ನು ನನಗೆ ಮೊದಲು ಹೇಳಿದವನು ಬನಹಟ್ಟಿಯ ಮಗ್ಗದ ಶಂಕ್ರಪ್ಪ. ಹೇಳಿದ್ದು ನಿನ್ನನ್ನು ಮಣ್ಣು ಮಾಡಿದ ಹದಿನೇಳನೆಯ ದಿನ ಬೆಳಿಗ್ಗೆ, ಕರೆಂಟು ಹೋಗಿ ಅವನ ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದಾಗ. ನೋಡು, ನೀನು ಕಲಿಸಿದ ಹಾಗೆಯೇ ಶುರು ಮಾಡಿದ್ದೇನೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಇವೆರಡನ್ನು ಹೇಳದೆ ಕಥೆಯ ಬಾಗಿಲು ತೆಗೆಯಬಾರದು. ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂಬುದನ್ನು ಹೇಳದೆ ಬಾಗಿಲು ಹಾಕಬಾರದು. ಹುನ್ನೂರಿನ ಹಿತ್ತಲಲ್ಲಿ ಕಿವಿ ಹಿಂಡಿ ಕಲಿಸಿದ್ದೆಯಲ್ಲ? ಈಗ ನಗುತ್ತಿರಬೇಕು ನೀನು. "ಲೇ ಲಕ್ಯಾ, ಸತ್ತಾವನ ಮುಂದೂ ಶಾಸ್ತ್ರ ಬಿಡೂದಿಲ್ಲಲ್ಲೋ!" ಬಿಡುವುದು ಹೇಗೆ ಕಾಕಾ? ಒಂದೂವರೆ ವರ್ಷ ನಿನ್ನ ಹೆಸರನ್ನೇ ಬಾಯಿಗೆ ತರಲಾಗದೆ... ಇರಲಿ, ಒಂದೊಂದಾಗಿ ಹೇಳುತ್ತೇನೆ.

ನೀನು ಕುರಿಯ ಉಣ್ಣೆ ಕತ್ತರಿಸುತ್ತ ಕೂತಿದ್ದ ಆ ದಿನ ನೆನಪಿದೆಯೇ? ಯಂತ್ರಗಳಿಗೆ ನಮ್ಮ ಕಡೆಯ ಮಾತು ಕಲಿಸುತ್ತೇವೆ ಎಂದು ಕೆಲವರು ಜಮಖಂಡಿಗೆ ಬಂದಿದ್ದರು. ನಾನು ಹಗಲು ಶಾಲೆಯ ಗುಮಾಸ್ತ, ಬೆಳಗಾದರೆ ಮಗ್ಗದವರ ಫೋನುಗಳಿಗೆ ದಿನಕ್ಕೊಂದು ಕಥೆ ಹೇಳಿ ಕಳಿಸುವವನು. ಹಾಗಾಗಿ ನನ್ನ ದನಿಯೇ ಬೇಕು ಅಂದರು. ನಿನ್ನನ್ನು ಕೇಳದೆ ಕೊಡುವುದುಂಟೆ? ಕಥೆಗಳೆಲ್ಲ ನಿನ್ನವೇ. ನೀನು ಕತ್ತರಿ ನಿಲ್ಲಿಸದೆ, "ಉಣ್ಣಿ ಕತ್ತರಿಸಿದ್ರ ಕುರಿ ಸಾಯ್ತೈತೇನಲೇ? ಕೊಡು, ಮತ್ತ ಬೆಳಿತೈತಿ" ಅಂದೆ. ಮೂವತ್ತು ಬೆಳಗು ಅವರ ಮುಂದೆ ಕೂತು ಕಥೆ ಹೇಳಿದೆ. ಪ್ರತಿ ಕಥೆಯೂ ಒಂದೇ ಬಾಗಿಲಿನಿಂದ ಹೊರಟಿತು: "ಇದನ್ನ ನಂಗ ಮೊದಲ ಹೇಳಿದಾವ ಹುನ್ನೂರ ಮಾಳಪ್ಪ, ಹೇಳಿದ್ದು ಇಂಥಾ ದಿನ." ಕೊನೆಗೆ ಒಂದು ಶಾಲು ಹೊದಿಸಿ, ಇಂಗ್ಲಿಷಿನ ಕಾಗದವೊಂದನ್ನು ಮುಂದಿಟ್ಟರು. ಗ್ಯಾಸ್ ಸಿಲಿಂಡರಿಗೆ ಸಹಿ ಹಾಕುವ ಹಾಗೆ ಹಾಕಿಬಿಟ್ಟೆ. ಆ ಶಾಲನ್ನು ನೀನೇ ಮಡಚಿ ಪೆಟ್ಟಿಗೆಗೆ ಹಾಕಿದ್ದೆ.

ಶಂಕ್ರಪ್ಪ ಹೇಳಿದ್ದನ್ನು ಅವನ ಮಾತಿನಲ್ಲೇ ಕೇಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. "ಲಕ್ಕಣ್ಣಾ, ದಿನಾ ಮುಂಜಾನಿ ನಿನ್ನ ದನಿ ಕಿವ್ಯಾಗ ಇಟಗೊಂಡ ನೂಲ ಜೋಡಸಾವ ನಾ. ಅವತ್ತ ನೀನ ಹೇಳಿದಿ, ಕೂಸು ಒಯ್ಯಾವ್ರು ಬಂದಾರ, ಕಂಬಳಿ ಹೊದ್ದಿರತಾರ, ಹೆಗಲಿಗೆ ಚೀಲ ಇರತೈತಿ ಅಂತ. ನಿನ್ನ ದನಿ. ಹುನ್ನೂರ ಮಾಳಪ್ಪ ಹೇಳಿದ್ದು ಅಂತ ಹೆಸರೂ ಹಾಕಿದ್ದಿ. ನಾ ನಂಬದ ಇರತೇನೇನ? ಯಾರ ನಂಬದ ಇರತಾರ?" ನಾನು ಅಂಥದ್ದನ್ನು ಹೇಳಿಯೇ ಇರಲಿಲ್ಲ ಕಾಕಾ. ಯಾರೋ ಎಲ್ಲೋ ಎರಡು ಸಾಲು ಬರೆದು ಯಂತ್ರದ ಬಾಯಿಗೆ ಹಾಕಿದ್ದಾರೆ, ನನ್ನ ದನಿಯಲ್ಲಿ ಹೇಳು ಅಂದಿದ್ದಾರೆ. ಯಂತ್ರ ಕಲಿತದ್ದನ್ನು ಮರೆಯಲಿಲ್ಲ. ತಾನೇ ನಿನ್ನ ಹೆಸರು ಹಚ್ಚಿ ಶುರು ಮಾಡಿತು.

ನೀನು ಬನಹಟ್ಟಿಯ ಹೊರಗೆ, ಕಬ್ಬಿನ ಬದಿಯ ಕಾಲುವೆ ದಂಡೆಯ ಮೇಲೆ ಕುರಿ ಹೊಡೆದುಕೊಂಡು ಹೊರಟಿದ್ದೆ. ನಡುಮಧ್ಯಾಹ್ನ. ಬೆಳಿಗ್ಗೆಯಷ್ಟೇ ಹುಟ್ಟಿದ ಮರಿ ನಡೆಯಲಾರದೆ ನಿನ್ನ ಚೀಲದಲ್ಲಿತ್ತು. ಊಟಕ್ಕೆ ಬಿಟ್ಟ ಮಗ್ಗದವರು ದಂಡೆಗೆ ಬರುವುದಕ್ಕೂ ಮರಿ ಅಳುವುದಕ್ಕೂ ಸರಿಹೋಯಿತು. "ಥೇಟ ಹಸಗೂಸಿನಂಗ ಅಳತಿತ್ತೋ ಅಣ್ಣಾ" ಎಂದ ಶಂಕ್ರಪ್ಪ. ಗಾಡಿಗಳು ಬಂದವು, ಆಟೋಗಳು ಬಂದವು. ಒಬ್ಬ ನಿನ್ನ ತಲೆಯ ಪಟಗ ಹಾರಿಸಿದ, ಇನ್ನೊಬ್ಬ ಕೊರಳ ಕಂಬಳಿ ಹಿಡಿದು ಜಗ್ಗಿದ. ಹೆಸರೇನು ಅಂತ ಕೇಳಿದರು. ನೀನು ಖರೆ ಹೇಳಿದೆ: "ಮಾಳಪ್ಪ. ಹುನ್ನೂರ ಮಾಳಪ್ಪ." ಗುಂಪು ಹೋ ಎಂದು ನಕ್ಕಿತಂತೆ. "ಮಾಳಪ್ಪಜ್ಜನ ಹೆಸರ ಹೇಳಿ ಪಾರಾಗಾಕ ನೋಡತಾನ ನೋಡ್ರಿ ಕಳ್ಳ! ಆ ಅಜ್ಜ ಇಂವನ ಬಗ್ಗೇನ ಹೇಳ್ಯಾನ, ಇಂವ ಅವನ ಹೆಸರ ಹೇಳತಾನ!" ಮೊದಲ ಏಟು ಮಗ್ಗದ ಮರದ ಕೋಲಿನದು, ದವಡೆಗೆ. ಎರಡು ಹಲ್ಲು ನೀರಿಗೆ ಬಿದ್ದದ್ದು ಶಂಕ್ರಪ್ಪನಿಗೆ ಕಂಡಿತು. ನಿನ್ನ ಹೆಸರೇ ನಿನ್ನನ್ನು ಕೊಂದಿತು ಅಂದರೆ, ಅದನ್ನು ದಿನಾ ಹೇಳಿ ಹೇಳಿ ನಾಲ್ಕು ತಾಲೂಕಿಗೆ ಗಟ್ಟಿ ಮಾಡಿದವನು ಯಾರು?

ಗುಂಪಿನೊಳಗಿಂದ ಯಾರೋ ಒಬ್ಬ, "ಖರೆ ಮಾಳಪ್ಪ ಇದ್ರ ಒಂದ ಕಥಿ ಹೇಳಲಿ!" ಎಂದು ಕೂಗಿದನಂತೆ. ಚೇಷ್ಟೆಗೋ ಕನಿಕರಕ್ಕೋ ತಿಳಿಯದು. ನೀನು ಬಾಯಿಯ ರಕ್ತವನ್ನು ಕಂಬಳಿಯ ಚುಂಗಿನಿಂದ ಒರೆಸಿಕೊಂಡು, ಎಂದಿನ ಹಾಗೆ ಕಾಲು ಮಡಚಿ ನೆಲದ ಮೇಲೆ ಕೂತೆಯಂತೆ. ನನಗೆ ಕಣ್ಣಿಗೆ ಕಟ್ಟುತ್ತದೆ. "ಇದನ್ನ ನಂಗ ಮೊದಲ ಹೇಳಿದಾಕಿ ನಮ್ಮವ್ವ, ಹೇಳಿದ್ದು..." ಅಷ್ಟರಲ್ಲಿ ಕಲ್ಲು ಬಂದು ಬಾಯಿಗೇ ಬಡಿಯಿತು. "ಯಾವಾಗ ಅನ್ನೂದನ್ನ ಹೇಳಗೊಡಲಿಲ್ಲ ಲಕ್ಕಣ್ಣಾ" ಅಂದ ಶಂಕ್ರಪ್ಪ. ಆಮೇಲೆ ಕೈಗಳೆಷ್ಟು, ಕಾಲುಗಳೆಷ್ಟು. ಒಬ್ಬ ನಿನ್ನ ಕೋಲನ್ನೇ ಕಸಿದು ನಿನ್ನ ಮೊಣಕಾಲು ಮುರಿದ. ಇನ್ನೊಬ್ಬ ಎದೆಯ ಮೇಲೆ ನಿಂತು ಫೋನಿನಲ್ಲಿ ಚಿತ್ರ ತೆಗೆದ. ಕುರಿ ಕಾಯುವ ನಿನ್ನ ನಾಯಿ ನಡುವೆ ನುಗ್ಗಿತು. ಅದರ ತಲೆಯನ್ನೂ ಜಜ್ಜಿದರು. "ನಾನೂ ಒದ್ದೇನಿ. ಎರಡ ಸಲ, ಪಕ್ಕಡಿಗೆ. ಎರಡನೇ ಸಲ ಒಳಗ ಏನೋ ಕಟಗಿ ಮುರದಂಗ ಆತು." ಎಲ್ಲ ಮುಗಿದ ಮೇಲೆ ಚೀಲ ಬಿಚ್ಚಿದರು. ಮರಿ ಎದ್ದು ನಿಂತು, ನಿನ್ನ ಕೈ ಹುಡುಕಿಕೊಂಡು ಹೋಗಿ ಬೆರಳು ಚೀಪತೊಡಗಿತು. ಮಂದಿ ಒಬ್ಬರ ಮುಖ ಒಬ್ಬರು ನೋಡದೆ ಗಾಡಿ ಚಾಲೂ ಮಾಡಿಕೊಂಡು ಹೋದರು.

ಅವನು ಅಷ್ಟು ಹೇಳಿ ತಿರುಗುವಷ್ಟರಲ್ಲಿ ನನ್ನ ಕೈ ಅವನ ಕೊರಳಲ್ಲಿತ್ತು. ಮಗ್ಗಕ್ಕೆ ಬಿಗಿದ ಎಳೆಗಳ ಹಾಸಿನ ಮೇಲೆ ಅವನ ಮುಖ ಒತ್ತಿ ಹಿಡಿದೆ. ನೂಲು ಕೆನ್ನೆ ಕೊಯ್ದು, ಬಿಳಿ ಎಳೆಗಳ ಮೇಲೆ ಕೆಂಪು ಇಳಿಯತೊಡಗಿತು. ಅವನು ಕೊಸರಾಡಲಿಲ್ಲ. ಕೊಸರಾಡಿದ್ದರೆ ಕೊಂದೇ ಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳೆಲ್ಲ ಒಟ್ಟಿಗೆ ಧಡಧಡ ಎದ್ದವು, ನನ್ನ ಕೈ ಸಡಿಲವಾಯಿತು. ಅವನು ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ಕೂಗಿದ: "ನನ್ನ ಹೆಸರ ಮಾತ್ರ ಹೊರಗ ಬಿಡಬ್ಯಾಡೋ. ಮೂರ ಹೆಣ್ಣ ಅದಾವ ಮನ್ಯಾಗ." ಚಿತ್ರದಲ್ಲಿ ಮುಖ ಕಂಡವರನ್ನೆಲ್ಲ ಪೊಲೀಸರು ಎಳೆದೊಯ್ದಿದ್ದರು, ಇವನ ಮುಖ ಅದರಲ್ಲಿ ಇರಲಿಲ್ಲ. ನಾನು ಮಾತು ಕೊಡದೆ ಶೆಡ್ಡಿನಿಂದ ಹೊರಬಂದೆ.

ಕಾಕಿ ಅದಕ್ಕೂ ಮೊದಲೇ, ನಿನ್ನ ಮಣ್ಣಿನ ದಿನವೇ, ನನ್ನ ಬಾಯಿ ಕಟ್ಟಿದ್ದಳು. ಯಾರದೋ ಫೋನಿನಲ್ಲಿ ಆ ದನಿ ಕೇಳಿಸಿದ್ದರಂತೆ. ನಿನ್ನ ಹೆಸರು ಬಂದ ಕೂಡಲೇ ಫೋನನ್ನು ಒಳಕಲ್ಲಿಗೆ ಬಡಿದು ಪುಡಿ ಮಾಡಿದ್ದಳು. ಕುಣಿಯ ಬದಿಗೆ ನಾನು ಹೋದಾಗ ಎರಡೂ ಮುಷ್ಟಿ ಮಣ್ಣು ತುಂಬಿ ನನ್ನ ಮುಖಕ್ಕೆ ಎರಚಿದಳು. "ಕಾಕೀ, ಅದು ನಾ ಅಲ್ಲಬೇ" ಅಂದೆ. "ನಿನ್ನ ದನಿ ನಂಗ ಗೊತ್ತಿಲ್ಲೇನೋ? ಹಾಲಹಲ್ಲ ಇದ್ದಾಗಿಂದ ಕೇಳೇನಿ. ಅವನ ಹೆಸರ ನಿನ್ನಂಗ ಹೇಳಾವ ಇನ್ನೊಬ್ಬ ಅದಾನೇನ? ಇನ್ನ ಮ್ಯಾಲೆ ಅವನ ಹೆಸರು ನಿನ್ನ ಬಾಯಾಗ ಬಂತಂದ್ರ ನಾಲಗಿ ಕಿತ್ತ ನಾಯಿಗೆ ಹಾಕತೇನಿ!" ಬಂಧುಗಳು ಬಿಡಿಸದಿದ್ದರೆ ಅಲ್ಲೇ ಕೀಳುತ್ತಿದ್ದಳು. ನಿನ್ನ ಹೆಸರಿಲ್ಲದೆ ನನ್ನ ಒಂದು ಕಥೆಯೂ ಶುರುವಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ ಕಾಕಾ, ಅಂದಿನಿಂದ ಇಂದಿನವರೆಗೆ. ಅದು ನಾನಲ್ಲ ಎಂದು ಆ ಒಂದು ಜೀವ ನಂಬಬೇಕು. ಕೋರ್ಟು ನಂಬಲಿ, ಬಿಡಲಿ.

ಮುಧೋಳದ ಬಸ್ಸು ಹತ್ತಿದ ದಿನವನ್ನು ನಿನಗೆ ಹೇಗೆ ಹೇಳಲಿ? ಆ ದನಿ ಮಾಡಿದವನು ಮುಧೋಳದ ಫೋನ್ ರಿಪೇರಿ ಅಂಗಡಿಯ ಅಶೋಕ ಎಂದು ನನ್ನ ಫೋನಿಗೆ ಒಂದು ಮಾತು ಬಂದಿತ್ತು. ಗೋಣಿಚೀಲದಲ್ಲಿ ಕುಡಗೋಲು ಸುತ್ತಿಕೊಂಡೆ. ಶಂಕ್ರಪ್ಪನ ಕೊರಳು ಬಿಟ್ಟ ಕೈ ಇನ್ನೂ ಕುದಿಯುತ್ತಿತ್ತು. ಹಾಡುಹಗಲು, ಗಿರಾಕಿಗಳ ಮುಂದೆ, ಗಾಜಿನ ಪೆಟ್ಟಿಗೆ ಒಡೆದು ಒಳನುಗ್ಗಿ ಕುಡಗೋಲಿನ ಹಿಡಿಯಿಂದ ಅವನ ಮುಂಗೈ ಮುರಿದೆ. ತಲೆಗೆ ಎತ್ತಿದ ಏಟನ್ನು ಇನ್ನೊಂದು ಅಂಗೈಯಿಂದ ತಡೆದ. ಅಲಗು ಅಂಗೈಯೊಳಗೆ ಇಳಿಯಿತು. ಬಿಸಿ ರಕ್ತ ನನ್ನ ಮೂಗಿನ ಮೇಲೆ ಸಿಡಿಯಿತು. ಅವನು ನನ್ನನ್ನು ಬೈಯಲಿಲ್ಲ. "ನಾ ಅಂತ ನಿಂಗ ಯಾರ ಹೇಳಿದ್ರೋ? ಯಾರು? ಯಾವಾಗ?" ಎಂದು ಕಿರುಚಿದ. ನಾನು ಉತ್ತರ ಹೇಳಲು ಬಾಯಿ ತೆರೆದೆ. ಕಾಕಾ, ನನಗೆ ಗೊತ್ತಿರಲಿಲ್ಲ. ಯಾವುದೋ ಫೋನಿನ ಯಾವುದೋ ದನಿ. ನಿನ್ನ ಶಿಷ್ಯ, ಕಿವಿ ಹಿಂಡಿಸಿಕೊಂಡು ಕಲಿತವನು, ಆ ಎರಡು ಪ್ರಶ್ನೆ ಕೇಳದೆ ಬಸ್ಸು ಹತ್ತಿದ್ದ. ಆ ದನಿ ಹರಡಿದ ವಾರವೆಲ್ಲ ಅಶೋಕನ ಅಂಗಡಿ ಮುಚ್ಚಿತ್ತು, ಅವನು ತಂಗಿಯ ಬಾಣಂತನಕ್ಕೆ ಬೀಳಗಿಯಲ್ಲಿದ್ದ ಎಂದು ಆಮೇಲೆ ತಿಳಿಯಿತು. ಅವನ ಮೂರು ಬೆರಳು ಇಂದಿಗೂ ಮಡಚುವುದಿಲ್ಲ. ಸೂಜಿಯಂಥ ಸ್ಕ್ರೂ ಎತ್ತಿ ಬದುಕುತ್ತಿದ್ದ ಕೈ ಅದು.

ನಾನು ಜಾಮೀನಿನ ಮೇಲೆ ಹೊರಬಂದ ವಾರವೇ ಮೂವರು ನನ್ನ ಬಾಗಿಲಿಗೆ ಬಂದರು. ಕಾನೂನು ಕಲಿಸುವ ಅಕ್ಕೋರು, ಕಂಪ್ಯೂಟರ್ ಕಲಿಸುವ ಮೇಷ್ಟ್ರು, ಮನಸ್ಸಿನ ಕಾಯಿಲೆಯ ಡಾಕ್ಟರು. ಮನುಷ್ಯರ ಹಾಗೆ ಮಾತಾಡುವ ಈ ಕೃತಕ ಬುದ್ಧಿಯ ಯಂತ್ರಗಳಿಗೆ ಲಗಾಮು ಹಾಕುವುದು ಹೇಗೆ, ಹಿಡಿಯುವ ಕೈ ಯಾರದು ಎಂದು ಒಟ್ಟಿಗೆ ಕೂತು ಸಂಶೋಧನೆ ಮಾಡುತ್ತಾರಂತೆ. "ನಿಮ್ಮ ದನಿ ಕದ್ದಿದ್ದರ ಬಗ್ಗೆ ಬಹಳ ಜನ ಕೇಳಿರಬೇಕು. ನಾನು ನೀವು ಮುಧೋಳಕ್ಕೆ ಹೋಗಿದ್ದರ ಬಗ್ಗೆ ಕೇಳಾಕ ಬಂದೇನ್ರಿ" ಎಂದರು ಅಕ್ಕೋರು. ಅವರನ್ನು ಹೊರಗೆ ದಬ್ಬಿ ಬಾಗಿಲು ಹಾಕಿದೆ. ಮರುದಿನ ಮತ್ತೆ ಬಂದರು. ಮೂರನೆಯ ದಿನ ನನ್ನ ಹೆಂಡತಿ ಚಹಾ ಮಾಡಿಬಿಟ್ಟಳು. ಚಹಾ ಕುಡಿದವರನ್ನು ದಬ್ಬಲಾಗುತ್ತದೆಯೇ?

ಜಮಖಂಡಿಯಲ್ಲಿ ಅವರು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ನೀನು ಒಂದು ದಿನ ಕೂತಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಮೂವರೂ ಕಲಿತವರು, ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಮೇಷ್ಟ್ರು ದನಿಯೊಳಗೆ ಕಿವಿಗೆ ಕೇಳಿಸದ ಗುರುತು ಇಡಬೇಕು ಅನ್ನುವರು. ಅಕ್ಕೋರು ಹೊಣೆ ಯಾರದೆಂದು ಮೊದಲು ಹೇಳಿ ಅನ್ನುವರು: ಯಂತ್ರ ಮಾಡಿದವನದೋ, ಸಾಲು ಬರೆದವನದೋ, ಮುಂದೆ ಕಳಿಸಿದವನದೋ, ಕಲ್ಲು ಎತ್ತಿದವನದೋ? ಡಾಕ್ಟರು ನಡುವೆ ಬಾಯಿ ಹಾಕಿ, ಗುರುತಿನ ದನಿ ಕೇಳಿದರೆ ಮೈ ಮೊದಲು ನಂಬುತ್ತದೆ, ಬುದ್ಧಿ ಆಮೇಲೆ ಬರುತ್ತದೆ ಅನ್ನುವರು. ಒಂದು ದಿನ ಜಗಳ ಏರಿ ಮೇಷ್ಟ್ರು ಚಹಾದ ಲೋಟವನ್ನು ಗೋಡೆಗೆ ಎಸೆದರು, ಅಕ್ಕೋರು ಕಾಗದದ ಕಟ್ಟನ್ನೇ ಅವರ ಮುಖಕ್ಕೆ ಎಸೆದರು. ನಾನು ನಿನ್ನ ಪಾಠ ಹೇಳಿದೆ, ನಿನ್ನ ಹೆಸರು ಹೇಳದೆ. ಯಂತ್ರದ ದನಿಯೂ ಕಥೆಗಾರನ ಹಾಗೆ ಮೊದಲು ಬಾಯಿ ಬಿಟ್ಟು ಹೇಳಲಿ: ನನ್ನನ್ನು ಮಾಡಿದವರು ಇಂಥವರು, ಮಾತಾಡಿಸಿದವರು ಇಂಥವರು, ಇಂಥ ದಿನ. ಮೂವರೂ ಒಟ್ಟಿಗೆ ಬರೆದುಕೊಳ್ಳತೊಡಗಿದರು.

ಅದನ್ನು ಶಂಕ್ರಪ್ಪನ ಶೆಡ್ಡಿನಲ್ಲಿ ಪರೀಕ್ಷೆ ಮಾಡಿದ ದಿನ ಅವನು ನನ್ನ ಮುಖ ನೋಡಲಿಲ್ಲ, ಆದರೆ ಮೇಷ್ಟ್ರ ಮುಖಕ್ಕೆ ನೇರ ಹೇಳಿದ. "ಸುರುವಿಗೆ ಹೇಳಿದ್ರ ಯಾಂವ ಕೇಳತಾನ್ರಿ ಸರ? ಮಗ್ಗ ಹೊಡಿಯೂಮುಂದ ನಾವು ಕಿವಿಗೆ ಹಾಕ್ಕೊಳ್ಳೂದ ಎಳಿ ಹರದು ನಿಂತಾಗ. ಅಷ್ಟರಾಗ ಅರ್ಧ ಕಥಿ ಹೋಗಿರತೈತಿ. ನಡುವ ಹೇಳ್ರಿ, ಕಡೀಕ ಇನ್ನೊಮ್ಮೆ ಹೇಳ್ರಿ." ಅಕ್ಕೋರು ಅದನ್ನು ಅವನ ಮಾತಿನಲ್ಲೇ ವರದಿಗೆ ಹಾಕಿದರು. ನನ್ನ ಇಂಗ್ಲಿಷ್ ಕಾಗದವನ್ನು ನನಗೆ ಮೊದಲ ಸಲ ಕನ್ನಡದಲ್ಲಿ ಓದಿ ಹೇಳಿದವರೂ ಅವರೇ. ಯಾವ ಕೆಲಸಕ್ಕಾದರೂ, ಯಾವ ಕಾಲಕ್ಕಾದರೂ ನನ್ನ ದನಿ ಬಳಸಬಹುದು ಎಂದಿತ್ತು. ಉಣ್ಣೆ ಅಂದುಕೊಂಡು ನಾನು ತೊಗಲು ಕೊಟ್ಟಿದ್ದೆ.

ಆ ದನಿ ಬಂದ ದಾರಿಯನ್ನು ಹಿಮ್ಮುಖ ಹಿಡಿದು ನಾವು ತಿರುಗಿದ ದಿನಗಳು ಬೇರೆ. ಬನಹಟ್ಟಿಯ ನೂಲಿನ ವ್ಯಾಪಾರಿಗೆ ಜಮಖಂಡಿಯ ಅಳಿಯ ಕಳಿಸಿದ್ದ, ಅವನಿಗೆ ಸಾವಳಗಿಯ ಟ್ರಾಕ್ಟರಿನವನು, ಅವನಿಗೆ ಬೀಳಗಿಯ ಶಾಲೆಯ ಒಬ್ಬ ಶಿಕ್ಷಕಿ ಬಾಯಿಯವರು. "ಕೂಸುಗೋಳ ಮ್ಯಾಲಿನ ಮಾಯಾಕ್ಕ ಕಳಿಸೀನ್ರಿ" ಎಂದು ಅವರು ನನ್ನ ಕಾಲು ಹಿಡಿದು ಅತ್ತರು. ಎತ್ತಿದೆ. ಅವರಿಗೆ ಕಳಿಸಿದ ನಂಬರು ಸತ್ತಿತ್ತು. ಅದರಾಚೆ ಯಾರೂ ಇಲ್ಲ. ಕಥೆಗೆ ಒಬ್ಬ ರಾಕ್ಷಸ ಬೇಕಲ್ಲ ಕಾಕಾ? ನಾಲ್ಕು ಮನೆಯ ಬಾಗಿಲು ತಟ್ಟಿದೆವು, ನಾಲ್ಕರಲ್ಲೂ ಚಹಾ ಕೊಟ್ಟರು.

ಕಳೆದ ತಿಂಗಳು ನಾಲ್ಕೂ ತಾಲೂಕಿನ ಮಂದಿಯನ್ನು ಜಮಖಂಡಿಯಲ್ಲಿ ಒಂದೆಡೆ ಕೂಡಿಸಿದರು. ವರದಿ ಮೇಲಕ್ಕೆ ಹೋಗುವ ಮೊದಲು ಏಟು ತಿಂದವರು, ಕೊಟ್ಟವರು ಕೇಳಲಿ ಎಂದು ಅಕ್ಕೋರ ಹಟ. ಕಾಕಿಯನ್ನು ಹುನ್ನೂರಿನಿಂದ ಅವರೇ ಕರೆತಂದಿದ್ದರು. ಅವಳು ಮೊದಲ ಸಾಲಿನಲ್ಲಿ, ನನ್ನ ಕಡೆ ಬೆನ್ನು ಮಾಡಿ. ಹಿಂದಿನ ಗೋಡೆಗೆ ಶಂಕ್ರಪ್ಪ. ಮೇಷ್ಟ್ರು ಎದ್ದು, ಆ ದನಿ ಯಂತ್ರದ್ದೇ ಇರಬೇಕು, ಆದರೆ ಅಷ್ಟು ಫೋನು ದಾಟಿ ಜಜ್ಜಿಹೋಗಿದ್ದರಿಂದ ಖಚಿತ ಹೇಳಲಾಗದು ಅಂದರು. "ಅಂದ್ರ ಅಂವನ ಇರಬೌದಲ್ಲ?" ಎಂದಳು ಕಾಕಿ. "ಹಾಕ್ರಿ. ಪೂರ್ತಿ ಕೇಳತೇನಿ."

ನಾನು ಎದ್ದು ಹೊರಗೆ ಹೋಗಬೇಕೆಂದಿದ್ದೆ. ನಿನಗೆ ಸುಳ್ಳು ಹೇಳುವುದಿಲ್ಲ, ಅಷ್ಟು ತಿಂಗಳಲ್ಲಿ ನಾನು ಅದನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ನನ್ನದೇ ದನಿಯ ಮೊದಲ ನಾಲ್ಕು ಶಬ್ದಕ್ಕೇ ನಿಲ್ಲಿಸಿಬಿಡುತ್ತಿದ್ದೆ. ಡಾಕ್ಟರು ನನ್ನ ಭುಜ ಒತ್ತಿ ಹಿಡಿದು ಕೂರಿಸಿದರು. ಕೋಣೆಯಲ್ಲಿ ನಾನೇ ಮಾತಾಡತೊಡಗಿದೆ: "ಇದನ್ನ ನಂಗ ಮೊದಲ ಹೇಳಿದಾವ ಹುನ್ನೂರ ಮಾಳಪ್ಪ, ಹೇಳಿದ್ದು ಮೊನ್ನಿ ಅಮಾವಾಸಿ ದಿನ..." ಕಾಕಿ ಕೈ ಎತ್ತಿದಳು. "ಮತ್ತೊಮ್ಮೆ ಹಾಕ್ರಿ." ಹಾಕಿದರು. "ಅಮಾವಾಸಿ ಅಂದನೇನ?" "ಹೌದ್ರಿ ಅವ್ವಾರ." ಆಕೆ ಎದ್ದು ನಿಂತಳು. ಅವಳ ಅತ್ತೆ, ನಿನ್ನವ್ವ, ಸತ್ತದ್ದು ಅಮಾವಾಸ್ಯೆ. ಅಂದಿನಿಂದ ನಲವತ್ತು ವರ್ಷ ಯಾವ ಅಮಾವಾಸ್ಯೆಯಂದೂ ನೀನು ಬಾಯಿ ತೆರೆಯಲಿಲ್ಲ, ಕುರಿಗಳನ್ನೂ ಸೀಟಿಯಲ್ಲೇ ಕರೆಯುತ್ತಿದ್ದೆ, ತೋಳ ಬಂದಾಗಲೂ ಕೂಗದೆ ಕೈಯಿಂದ ಬಡಿದಿದ್ದೆ ಎಂದು ಅಷ್ಟು ಮಂದಿಯ ಮುಂದೆ ಹೇಳಿದಳು. "ಅಮಾವಾಸಿ ದಿನ ನನ್ನ ಗಂಡ ಯಾರಿಗೂ ಏನೂ ಹೇಳೂದಿಲ್ರಿ. ಇದು ಲಕ್ಯಾಗ ಗೊತ್ತೈತಿ, ನಂಗ ಗೊತ್ತೈತಿ. ಈ ದನೀಗ ಗೊತ್ತಿಲ್ಲ. ಇದು ಲಕ್ಯಾ ಅಲ್ಲ."

ಕಾಕಿ ನೇರ ನನ್ನ ಕಡೆ ಬಂದಳು. ತಬ್ಬಿಕೊಳ್ಳುತ್ತಾಳೆ ಅಂದುಕೊಂಡೆ. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಒಂದು, ಕಣ್ಣು ಕತ್ತಲೆ ಬರುವ ಹಾಗೆ ಬಾರಿಸಿದಳು. "ನೀ ಯಾಕ ಪೂರ್ತಿ ಕೇಳಲಿಲ್ಲೋ ಭಾಡ್ಯಾ? ಕೇಳಿದ್ರ ಅವತ್ತ ತಿಳೀತಿತ್ತಲ್ಲೋ!" ಮತ್ತೆ ಅದೇ ಕೈಯಿಂದ ತನ್ನ ಬಾಯಿಗೂ ರಪರಪ ಬಡಿದುಕೊಂಡಳು, ತುಟಿ ಒಡೆಯುವ ತನಕ. "ನಾನರ ಎಲ್ಲಿ ಕೇಳಿದ್ನಿ? ನಾನರ ಎಲ್ಲಿ ಕೇಳಿದ್ನಿ..." ಅಕ್ಕೋರು ಅವಳ ಕೈ ಹಿಡಿದುಕೊಂಡರು. ಉಸಿರು ಸಮವಾದ ಮೇಲೆ, ನೆಲದ ಮೇಲೆ ಕೂತು ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು: "ಇನ್ನ ಅವನ ಹೆಸರ ತಗೋ. ಅಂವ ಹೆಂಗ ಸತ್ತ ಹೇಳು. ನಂಗ ಯಾರೂ ನೆಟ್ಟಗ ಹೇಳಿಲ್ಲ."

ನಿನ್ನ ಪಾಠ ಅಲ್ಲಿ ನನ್ನ ಕೊರಳಿಗೇ ಬಂತು. ಹೇಳಬೇಕಾದರೆ ಮೊದಲು ಹೇಳಿದವನ ಹೆಸರು ಹೇಳಬೇಕು. ಆ ಹೆಸರು ಹಿಂದಿನ ಗೋಡೆಗೆ ಒರಗಿ ನಿಂತಿತ್ತು. ಅದಕ್ಕೆ ಮೂರು ಹೆಣ್ಣುಮಕ್ಕಳಿದ್ದರು. ನಾನು ಅವನನ್ನು ನೋಡಿದೆ. ಅವನು ಬಾಗಿಲನ್ನು ನೋಡಿದ. ಹೆಸರು ಬಿಟ್ಟು ಹೇಳಿಬಿಡಲೇ? ಹಾಗಾದರೆ ನನಗೂ ಆ ಯಂತ್ರಕ್ಕೂ ಏನು ಅಂತರ? ಕಡೆಗೆ ಶಂಕ್ರಪ್ಪ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಹೂಂ ಅನ್ನುವ ಹಾಗೆ ಒಮ್ಮೆ ಗೋಣು ಹಾಕಿದ. "ಇದನ್ನ ನಂಗ ಮೊದಲ ಹೇಳಿದಾವ ಬನಹಟ್ಟಿ ಶಂಕ್ರಪ್ಪ" ಎಂದು ಶುರು ಮಾಡಿದೆ. ಹಲ್ಲು, ಕಲ್ಲು, ಮೊಣಕಾಲು, ಪಕ್ಕೆಗೆ ಬಿದ್ದ ಎರಡು ಒದೆ, ಬೆರಳು ಚೀಪಿದ ಮರಿ, ಯಾವುದನ್ನೂ ಬಿಡಲಿಲ್ಲ. ಕಾಕಿ ಒಮ್ಮೆ ಮಾತ್ರ ತಿರುಗಿ ಅವನನ್ನು ನೋಡಿದಳು. ಅವನು ಓಡಲಿಲ್ಲ.

ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂಬುದು ಉಳಿಯಿತು. ಅಕ್ಕೋರು ವರದಿಯ ಕೊನೆಯ ಪುಟ ಹರಿದು, ದನಿಯ ಮೂಲ ಹುಡುಕುವಾಗ ಆ ದನಿ ಹೆಸರಿಸಿದವರ ಮನೆಯವರನ್ನು ಮೊದಲು ಕೇಳಬೇಕು ಎಂದು ಹೊಸದಾಗಿ ಬರೆದರು. ಕಾಕಿ ಕುರಿಗಳನ್ನು ಮೇಯಲು ಬಿಟ್ಟಳು. ನಿನ್ನ ಚೀಲದ ಮರಿ ಈಗ ಮುಂದೆ ನಡೆಯುವ ಕುರಿ, ಅದಕ್ಕೇ ನಿನ್ನ ಗಂಟೆ ಕಟ್ಟಿದ್ದಾಳೆ. ನಾನು ಮುಧೋಳಕ್ಕೆ ಹೋದೆ, ಬರಿಗೈಯಲ್ಲಿ. ಅಶೋಕ ನನ್ನ ಕಂಡು ಬಾಗಿಲು ಎಳೆದುಕೊಂಡ. ಕಟ್ಟೆಯ ಮೇಲೆ ಕೂತೆ. ಇನ್ನೂ ದಿನಾ ಹೋಗಿ ಕೂರುತ್ತೇನೆ. ಅವನು ಬಾಗಿಲು ತೆಗೆಯುವ ತನಕ ಹೋಗುತ್ತೇನೆ, ಇದು ನಿನಗೆ ಕೊಟ್ಟ ಮಾತು.

ಶಂಕ್ರಪ್ಪ ಮಗ್ಗಗಳನ್ನು ನಿಲ್ಲಿಸಿ, ಒಗೆದ ಧೋತರ ಉಟ್ಟು, ಕಿವಿಯ ವೈರನ್ನು ಹಾಸಿನ ಮೇಲೆ ಬಿಟ್ಟು ಠಾಣೆಗೆ ನಡೆದ. ಬರೆದುಕೊಳ್ಳುವವನು, ಇದನ್ನು ಯಾರಿಂದ ಕೇಳಿದೆ ಅಂದ. "ಯಾರಿಂದಾನೂ ಅಲ್ರಿ. ನಾನ ಒದ್ದಿದ್ದು, ನಾನ ಹೇಳಾಕತ್ತೇನಿ." ಯಾವಾಗ ಅಂದ. ನಿನ್ನನ್ನು ಹೇಳಗೊಡದೆ 'ಹೇಳಿದ್ದು' ಎಂಬಲ್ಲಿಗೇ ನಿಲ್ಲಿಸಿದ ಗುಂಪಿನವನು ಶಂಕ್ರಪ್ಪ. ತಾರೀಖು ಹೇಳಲಿಲ್ಲ. "ಅಮಾವಾಸಿ ಆಗಿ ಮೂರನೇ ದಿನ, ನಡಮಧ್ಯಾಹ್ನ, ಕಾಲುವಿ ದಂಡಿ ಮ್ಯಾಗ" ಅಂದ.

ನಿನ್ನ,
ಲಕ್ಯಾ